ಅಕ್ಕನ ಕೆನ್ನೆ

ನನ್ನ ಅಕ್ಕ ಚಿಕ್ಕಮಲ್ಲಮ್ಮನಿಗೆ ಹೇಳಿಕೊಳ್ಳುವಂಥ ಕಾಯಿಲೆ ಏನೂ ಇಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಏಕೆಂದರೆ ಐದು ವರ್ಷಗಳಿಂದ ಈ ಒಂದು ಮಾತನ್ನು ಅವಳೊಬ್ಬಳೇ ಹೇಳಿ ಹೇಳಿ ಸಾಕಾಗಿದ್ದಾಳೆ. ಅವಳ ಊರು ಭೀಮನಬೀಡಿನಲ್ಲಿ ಬಸ್ಸು ಹತ್ತಿದರೆ ಪಕ್ಕದ ಸೀಟಿನವರು ಕೇಳುತ್ತಾರೆ. ಗುಂಡ್ಲುಪೇಟೆಯಲ್ಲಿ ಇಳಿದರೆ ಹಣ್ಣಿನ ಗಾಡಿಯವಳು ಕೇಳುತ್ತಾಳೆ. ಹಾಲಿನ ಡೈರಿಯಲ್ಲಿ ಕ್ಯಾನು ಇಳಿಸುವ ಮೊದಲೇ ಯಾರೋ ಒಬ್ಬರು ಮುಖ ನೋಡಿ ಕಣ್ಣು ಚಿಕ್ಕದು ಮಾಡುತ್ತಾರೆ.

"ಯಾಕಮ್ಮಿ, ಇಂಗ್ ಸೊರಗೋಗಿದ್ದೀಯಲ್ಲ! ಏನಾರ ಕಾಯ್ಲೆನಾ?"

"ಏನೂ ಇಲ್ಲ ಕಣಕ್ಕ. ಸಕ್ರೆ ಬಂದಿತ್ತು, ಈಗ ಕಮ್ಮಿ ಆಗದೆ. ಚೆನ್ನಾಗೇ ಇವ್ನಿ."

ಕೇಳಿದವರು ತಲೆ ಆಡಿಸುತ್ತಾರೆ, ನಂಬುವುದಿಲ್ಲ. ಹತ್ತು ಹೆಜ್ಜೆ ಹೋದ ಮೇಲೆ ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳುತ್ತಾರೆ. ಅಕ್ಕನ ಜಾಗದಲ್ಲಿ ನಾನಿದ್ದಿದ್ದರೆ ನಾಲ್ಕು ಜನರಿಗಾದರೂ ಚೆನ್ನಾಗಿ ಬಯ್ದಿರುತ್ತಿದ್ದೆ. ಚಾಮರಾಜನಗರದ ಹೈಸ್ಕೂಲಿನಲ್ಲಿ ಟೀಚರ್ ನಾನು, ಬಯ್ಯುವುದು ನನಗೆ ಅಭ್ಯಾಸ. ಅಕ್ಕ ಮಾತ್ರ ಪ್ರತಿ ಸಲವೂ ಅದೇ ಉತ್ತರವನ್ನು ಅದೇ ದನಿಯಲ್ಲಿ ಕೊಟ್ಟು ಕ್ಯಾನು ಎತ್ತಿಕೊಂಡು ಹೊರಡುತ್ತಿದ್ದಳು.

ಚಿಕ್ಕಂದಿನಲ್ಲಿ ನಾನು ಕಡ್ಡಿಯಂತಿದ್ದೆ, ಅವಳು ಗುಂಡಗಿದ್ದಳು. ಅವಳ ಕೆನ್ನೆ ಹಿಂಡದೆ ಯಾವ ನೆಂಟರೂ ಮನೆಯಿಂದ ಹೊರಟದ್ದು ನನಗೆ ನೆನಪಿಲ್ಲ. ಮದುವೆಯಾದ ಮೇಲಂತೂ ಸುತ್ತಲ ಊರಿನ ಶುಭಕಾರ್ಯಗಳಿಗೆಲ್ಲ ಮೊದಲ ಅರಿಶಿನ ಹಚ್ಚಲು ಅವಳೇ ಬೇಕಾಗಿತ್ತು. ನಮ್ಮ ಕಡೆ ಮುತ್ತೈದೆಗೆ ಅರಿಶಿನ ಕೊಡುವುದೆಂದರೆ ಪೇಟೆಯವರ ಹಾಗೆ ಬೆರಳ ತುದಿಯಲ್ಲಿ ಚುಕ್ಕೆ ಇಟ್ಟು ಕಳಿಸುವುದಲ್ಲ. ಎರಡೂ ಕೆನ್ನೆಗೆ, ಗದ್ದದಿಂದ ಕಿವಿಯವರೆಗೆ, ಅಂಗೈ ಒತ್ತಿ ಉಜ್ಜುತ್ತಾರೆ. ತುಂಬಿದ ಮುಖದವಳು ಮೊದಲು ಹಚ್ಚಿದರೆ ಮನೆ ತುಂಬುತ್ತದೆಂದು ಒಂದು ನಂಬಿಕೆ. ಆ ಮನೆಗಳಲ್ಲಿ ಅಕ್ಕ ಕೂತದ್ದನ್ನು ನಾನು ಕಂಡಿಲ್ಲ. ಅರಿಶಿನ ಹಚ್ಚಿ, ಸೆರಗು ಸಿಕ್ಕಿಸಿ, ಬಡಿಸಲು ನಿಂತರೆ ಕೊನೆಯ ಪಂಕ್ತಿ ಏಳುವವರೆಗೆ ಅವಳಿಗೆ ಕುರ್ಚಿಯ ನೆನಪೇ ಬರುತ್ತಿರಲಿಲ್ಲ.

ನಲವತ್ತಾರಕ್ಕೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ತೂಕ ಇಳಿಸಬೇಕೆಂದರು. ಬೇರೆಯವರಾದರೆ ಹೂಂ ಎಂದು ಬಂದು ಹೋಳಿಗೆ ತಿನ್ನುತ್ತಾರೆ. ಅಕ್ಕ ಅದನ್ನು ಆಜ್ಞೆ ಎಂದುಕೊಂಡಳು. ಮುದ್ದೆ ಅರ್ಧವಾಯಿತು, ಅನ್ನ ನಿಂತಿತು, ತೋಟಕ್ಕೆ ಸ್ಕೂಟರಿನಲ್ಲಿ ಹೋಗುತ್ತಿದ್ದವಳು ನಡೆದೇ ಹೋಗತೊಡಗಿದಳು. ಎರಡು ವರ್ಷದಲ್ಲಿ ಇಪ್ಪತ್ತು ಕಿಲೋ ಇಳಿಯಿತು. ಆಮೇಲೆ ಎರಡೂ ಕಡೆಯ ಮೇಲಿನ ದವಡೆ ಹಲ್ಲುಗಳನ್ನು ಕೀಳಿಸಬೇಕಾಯಿತು. ಕೆನ್ನೆ ಒಳಕ್ಕೆ ಹೋಯಿತು, ಕಣ್ಣಿನ ಕೆಳಗೆ ಗುಳಿ ಬಿತ್ತು, ಮೂಗಿನ ಪಕ್ಕದ ಎರಡು ಗೆರೆ ಬಾಯಿಯವರೆಗೆ ಇಳಿದವು. ಅದೇ ಡಾಕ್ಟರು ಅವಳ ರಿಪೋರ್ಟು ಹಿಡಿದುಕೊಂಡು ಉಳಿದವರಿಗೆ "ಇವರನ್ನು ನೋಡಿ ಕಲೀರಿ" ಎನ್ನುತ್ತಿದ್ದರು. ಆಸ್ಪತ್ರೆ ಗೇಟು ದಾಟಿದರೆ ಯಾರೋ ನಿಲ್ಲಿಸಿ ಯಾವ ಕಾಯಿಲೆ ಎಂದು ಕೇಳುತ್ತಿದ್ದರು. ಅಷ್ಟು ಆರೋಗ್ಯವಾಗಿ ಅವಳು ಹಿಂದೆಂದೂ ಇರಲಿಲ್ಲ, ಅಷ್ಟು ರೋಗಿಷ್ಟೆಯಂತೆ ಹಿಂದೆಂದೂ ಕಂಡಿರಲಿಲ್ಲ.

ಮೊದಲ ಅರಿಶಿನಕ್ಕೆ ಕರೆ ಬರುವುದು ನಿಧಾನವಾಗಿ ನಿಂತುಹೋಯಿತು. ಯಾರೂ ಬಾಯಿಬಿಟ್ಟು ಬೇಡ ಎನ್ನಲಿಲ್ಲ. ಅವಳು ಹೋಗುವಷ್ಟರಲ್ಲಿ ಬೇರೆ ಯಾರೋ ಹಚ್ಚಿ ಮುಗಿಸಿರುತ್ತಿದ್ದರು, ಅಷ್ಟೇ.

ಹೋದ ವರ್ಷ ಆಷಾಢದಲ್ಲಿ, ಹೈವೇ ಪಕ್ಕದ ಅಕ್ಕನ ಚೆಂಡುಹೂವಿನ ಹೊಲದಲ್ಲಿ ಫೋಟೋ ತೆಗೆದುಕೊಳ್ಳಲು ಕೇರಳದ ಕಾರುಗಳು ನಿಂತಿದ್ದವು. ಒಂದು ಹುಡುಗಿ "ಚೇಚಿ, ಚೇಚಿ" ಎಂದು ಅವರ ಭಾಷೆಯಲ್ಲಿ ಅಕ್ಕಾ ಎನ್ನುತ್ತ ಅವಳನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡು ತೆಗೆದಳು. ತೆಗೆದದ್ದನ್ನು ತೋರಿಸಿದಾಗ ಅಕ್ಕನ ಕೆನ್ನೆ ತುಂಬಿಕೊಂಡಿತ್ತು, ಗೆರೆ ಮಾಯವಾಗಿತ್ತು. ಫೋನೇ ಹಾಗೆ ಮಾಡಿತ್ತು. ಅದನ್ನು ಅವಳು ನನಗೆ ನಗುತ್ತಲೇ ಹೇಳಿದಳು. "ನಾನ್ ಮೊದ್ಲು ಹಂಗೇ ಇದ್ದೆ ಅಂತ ಆ ಫೋನ್‌ಗೆ ಯಾರ್ ಹೇಳುದ್ರೋ ಕಾಣೆ ಕಣೆ ನಯನಿ." ನಾನೂ ನಕ್ಕೆ. ನಗಬಾರದಿತ್ತು.

ಈ ವರ್ಷ ಅವಳ ಮಗಳು ಕಾವ್ಯಶ್ರೀಗೆ ಗಂಡು ನೋಡಲು ಶುರು ಮಾಡಿದರು. ಕಾವ್ಯ ಬಿ.ಕಾಂ. ಮುಗಿಸಿ ಗುಂಡ್ಲುಪೇಟೆಯ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿದ್ದಾಳೆ. ಮೊದಲು ಬಂದವರು ಹುಡುಗಿಯನ್ನು ಒಪ್ಪಿದರು, ಕಾಫಿ ಕುಡಿದರು, ಅಕ್ಕನ ಮುಖವನ್ನು ಎರಡೆರಡು ಸಲ ನೋಡಿದರು. ವಾರದ ನಂತರ ಮಧ್ಯಸ್ಥಗಾರರ ಮೂಲಕ ಉತ್ತರ ಬಂತು: ತಾಯಿಗೇನೋ ದೊಡ್ಡ ಕಾಯಿಲೆ ಇರೋ ಹಂಗದೆ, ವಂಶದಲ್ಲಿ ಬರೋದಾದ್ರೆ ಕಷ್ಟ. ಭಾವ ಸೋಮಶೇಖರ್ ಎರಡು ದಿನ ಹೊಲದ ಕಡೆ ಹೋಗಲಿಲ್ಲ. ಅಕ್ಕ ಆ ಸಂಜೆಯೂ ಹಾಲು ಕರೆದು ಡೈರಿಗೆ ಹಾಕಿ ಬಂದಳು.

ಎರಡನೆಯದು ಚಂದಕವಾಡಿ ಕಡೆಯಿಂದ ಬಂತು. ಹುಡುಗ ಸಾಗರ್, ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡ್. ಅವನೂ ಅವನ ತಂದೆ ತಾಯಿಯೂ ಚಾಮರಾಜನಗರದ ನನ್ನ ಮನೆಗೇ ಬಂದು ಕಾವ್ಯಳನ್ನು ನೋಡಿದರು. ಹೊಲದಲ್ಲಿ ಹೂವಿನ ನಾಟಿ ಇದ್ದದ್ದರಿಂದ ಅಕ್ಕ ಬಂದಿರಲಿಲ್ಲ. ಹುಡುಗ ಹುಡುಗಿ ಒಪ್ಪಿದರು. ಆಷಾಢ ಕಳೆದು ಶ್ರಾವಣದಲ್ಲಿ, ಗಂಡಿನ ಕಡೆಯ ಹೆಂಗಸರು ಭೀಮನಬೀಡಿಗೆ ಬಂದು ಹೂ ಮುಡಿಸುವ ಶಾಸ್ತ್ರ ಮಾಡುವುದೆಂದು ಮಾತಾಯಿತು. ಹೂ ಮುಡಿಸಿದರೆ ಸಂಬಂಧ ಗಟ್ಟಿಯಾದಂತೆ. ಮುಡಿಸುವವರೆಗೆ ಏನೂ ಇಲ್ಲ.

ಅದಾದ ಮೇಲಿನ ಭಾನುವಾರ ನಾನು ಭೀಮನಬೀಡಿಗೆ ಹೋಗಿದ್ದೆ. ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಕಾವ್ಯ ಹೇಳಿದಳು, "ಚಿಕ್ಕಮ್ಮ, ಶಾಸ್ತ್ರದ ದಿನ ಅಮ್ಮ ಒಳಗೇ ಇದ್ರೆ ಆಗಲ್ವಾ? ಅಡುಗೆ ನೋಡ್ಕೋತಾ ಇರ್ಲಿ. ಮುಂದೆ ನೀವ್ ನಿಂತ್ಕೊಳ್ಳಿ. ನಿಮ್ ಮುಖ ಲಕ್ಷಣವಾಗದೆ."

ಹಿತ್ತಿಲ ಬಾಗಿಲಲ್ಲಿ ಅಕ್ಕ ಸೌದೆ ಹಿಡಿದು ನಿಂತಿದ್ದಳು. ಕಾವ್ಯಳ ಬೆನ್ನು ಆ ಕಡೆಗಿತ್ತು, ಅವಳು ನೋಡಲಿಲ್ಲ. ನಾನು ನೋಡಿದೆ. ಹುಡುಗಿಗೆ ಅಲ್ಲೇ ಒಂದು ಬಿಡಬೇಕಿತ್ತು. ಬಿಡಲಿಲ್ಲ. ಇಪ್ಪತ್ತು ವರ್ಷ ಪರರ ಮಕ್ಕಳನ್ನು ತಿದ್ದಿದವಳು ಮನೆಯ ಮಗುವಿನ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅಕ್ಕ ಸೌದೆಯನ್ನು ಸದ್ದಾಗದಂತೆ ಇಟ್ಟು ಹೊರಗೆ ಹೋದಳು.

ಎರಡು ದಿನ ಬಿಟ್ಟು ಫೋನು ಬಂತು.

"ನಯನಿ, ನಿಮ್ ಶಾಲೆ ಟೀಚರ್ ಒಬ್ರು ಕಣ್ಣಿನ್ ಕೆಳಗಿನ್ ಗುಳಿಗೆ ಏನೋ ತುಂಬುಸ್ಕಂಡ್ರು ಅಂದಿದ್ಯಲ್ಲ. ಆ ಡಾಕ್ಟ್ರು ಎಲ್ಲವ್ರೆ?"

ಹಿಂದೊಮ್ಮೆ ನಾನೇ ಆ ವಿಷಯ ಎತ್ತಿದ್ದೆ, ಆಗ ಅವಳು ಮೂಗು ಮುರಿದಿದ್ದಳು. ಈಗ ಯಾಕೆ ಎಂದು ನಾನು ಕೇಳಲಿಲ್ಲ. ಭಾವನಿಗೆ ಹಲ್ಲಿನ ಡಾಕ್ಟರ ಹತ್ತಿರ ಎಂದು ಹೇಳಿ ಅವಳು ಮುಂದಿನ ಮಂಗಳವಾರ ಬಂದಳು. ದುಡ್ಡು ನಾನೇ ಕೊಟ್ಟೆ, ಆ ಮಾತು ಇಲ್ಲಿಗೆ ಸಾಕು.

ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮಾತು ನಿಧಾನ, ಅವಸರವಿಲ್ಲ. ಅಕ್ಕನ ಸಕ್ಕರೆಯ ರಿಪೋರ್ಟೆಲ್ಲ ನೋಡಿದರು. ಕೈಗೆ ಕನ್ನಡಿ ಕೊಟ್ಟು, ಎಲ್ಲೆಲ್ಲಿ ಏನು ಕರಗಿದೆ ಎಂದು ತೋರಿಸಿದರು. ವಯಸ್ಸಾದರೆ ಮುಖದ ಕೊಬ್ಬು ಇಳಿಯುತ್ತದೆ, ಒಮ್ಮೆಲೇ ತೂಕ ಇಳಿದರೆ ಇನ್ನೂ ಬೇಗ, ಹಲ್ಲು ಹೋದರೆ ಕೆನ್ನೆಗೆ ಒಳಗಿನ ಆಸರೆಯೂ ಹೋಗುತ್ತದೆ. ಮಾಡಬಹುದಾದದ್ದು ಹಲವು. ಹೊಟ್ಟೆಯ ಕೊಬ್ಬನ್ನೇ ತೆಗೆದು ಮುಖಕ್ಕೆ ಹಾಕಬಹುದು.

"ನನ್ ಹೊಟ್ಟೇಲಿ ಏನದೆ ತಾಯಿ, ಕರುಳು ಬುಟ್ರೆ?" ಎಂದಳು ಅಕ್ಕ.

ಡಾಕ್ಟರು ನಕ್ಕರು. ಇನ್ನೊಂದು ಸೂಜಿಮದ್ದು ಇದೆ, ಅದು ಒಳಗಿನ ಚರ್ಮವೇ ಮತ್ತೆ ದಪ್ಪವಾಗುವಂತೆ ಮಾಡುತ್ತದೆ, ಆದರೆ ಮೂರು ನಾಲ್ಕು ಸಲ ಬರಬೇಕು, ತಿಂಗಳುಗಟ್ಟಲೆ ಕಾಯಬೇಕು. ಚರ್ಮದೊಳಗೆ ದಾರ ಹಾಕಿ ಮೇಲೆತ್ತುವುದೂ ಇದೆ, ಅದು ಇಂಥ ಮುಖಕ್ಕೆ ಅಷ್ಟು ಹೊಂದುವುದಿಲ್ಲ. ಬೇಗ ಕಾಣುವುದೆಂದರೆ ಫಿಲ್ಲರ್. ತಿಳಿಯಾದ ಜೆಲ್ ಅದು, ಸೂಜಿಯಲ್ಲಿ ಕೆನ್ನೆಗೆ ತುಂಬುತ್ತಾರೆ, ಒಂದು ವರ್ಷವೋ ಒಂದೂವರೆ ವರ್ಷವೋ ಇದ್ದು ತಾನಾಗಿ ಕರಗಿಹೋಗುತ್ತದೆ. ಹಲ್ಲು ಕಟ್ಟಿಸಿಕೊಳ್ಳುವುದಂತೂ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಎಂದರು.

"ಏನೂ ಮಾಡಿಸದೆ ಹೀಗೇ ಇರಬಹುದು, ಅದೂ ಒಂದು ದಾರಿ ಅಮ್ಮ. ನೀವು ಆರೋಗ್ಯವಾಗಿದ್ದೀರಿ."

"ಅದ ಒಂದ್ ಚೀಟೀಲಿ ಬರ್ಕೊಡಿ ಡಾಕ್ಟ್ರೇ. ಕತ್ಗೆ ನೇತಾಕ್ಕೊಂಡ್ ಓಡಾಡ್ತೀನಿ."

ಅವಳು ತಮಾಷೆಗೆ ಹೇಳಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ಗೋಡೆಯ ಮೇಲಿದ್ದ ಸೋಪಿನ ಜಾಹೀರಾತು ನೋಡುತ್ತ ನಿಂತೆ. ಶಾಸ್ತ್ರಕ್ಕೆ ಇನ್ನೂ ಆರೇಳು ವಾರವಿತ್ತು. ಫಿಲ್ಲರ್ ಎಂದೇ ತೀರ್ಮಾನವಾಯಿತು. ಕೆನ್ನೆ ಮರಗಟ್ಟಿಸುವ ಕ್ರೀಮು ಹಚ್ಚಿ ಮುಕ್ಕಾಲು ಗಂಟೆ ಕೂರಿಸಿದರು, ಆಮೇಲೆ ಸೂಜಿ. ಅಕ್ಕ ನನ್ನ ಕೈ ಹಿಡಿಯಲಿಲ್ಲ. ತನ್ನ ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ತಾನೇ ಹಿಡಿದುಕೊಂಡಿದ್ದಳು.

ಹೊರಡುವಾಗ ಡಾಕ್ಟರು ಹೇಳಿದ್ದನ್ನೆಲ್ಲ ನಾನು ಬರೆದುಕೊಂಡೆ. ಎರಡು ವಾರ ಕೆನ್ನೆ ಉಜ್ಜಬಾರದು, ಒತ್ತಬಾರದು, ಮಗ್ಗುಲಾಗಿ ಮಲಗಬಾರದು, ಹಂಡೆ ಒಲೆಯ ಮುಂದೆ ಕೂರಬಾರದು. ಒಳಗೆ ಸ್ವಲ್ಪ ಗಟ್ಟಿ ಸಿಕ್ಕಿದಂತಾದರೆ ಹೆದರಬೇಡಿ, ಸರಿಹೋಗುತ್ತದೆ. ಉಜ್ಜಬಾರದು ಎಂಬುದರ ಕೆಳಗೆ ಎರಡು ಗೆರೆ ಎಳೆದವಳೂ ನಾನೇ. ಅರಿಶಿನದ ನೆನಪು ನನಗೆ ಬರಲೇ ಇಲ್ಲ.

ಮರುದಿನ ಬುಧವಾರ ಬೆಳಗ್ಗೆ ಚಂದಕವಾಡಿಯಿಂದ ಭಾವನಿಗೆ ಫೋನು ಬಂತು. ಸಾಗರನ ತಾತ ದೊಡ್ಡಮಲ್ಲಪ್ಪನವರು, ಆಷಾಢ ಪೂರ್ತಿ ಮಾತನ್ನು ನೇತುಹಾಕುವುದು ಯಾಕೆ, ಆಷಾಢ ಹುಟ್ಟುವ ಮೊದಲು, ಬರುವ ಸೋಮವಾರವೇ ಹೂ ಮುಡಿಸಿಬಿಡೋಣ ಎಂದರಂತೆ. ಭಾವ ಸಂತೋಷದಲ್ಲಿ ಅಲ್ಲೇ ಒಪ್ಪಿಬಿಟ್ಟರು. ನಾನು ಫೋನು ಮಾಡಿ ಶ್ರಾವಣದಲ್ಲೇ ಇರಲಿ ಎಂದೆ.

"ನಿಂಗೇನ್ ತಲೆ ಕೆಟ್ಟದಾ ನಯನಾ? ಒಂದ್ಸಲ ಕಳ್ಕೊಂಡಿವಿ. ಮುಂದಕ್ಕಾಕಿ ಅಂದ್ರೆ ಮನೇಲಿ ಯಾರ್ಗೋ ಹುಷಾರಿಲ್ಲ ಅನ್ಕತಾರೆ," ಎಂದರು ಭಾವ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಸೋಮವಾರದ ಹೊತ್ತಿಗೆ ಊತ ಇಳಿದಿತ್ತು. ಎಡಗಡೆ ಕಣ್ಣಿನ ಕೆಳಗೆ ಒಂದಿಷ್ಟು ನೀಲಿ ಉಳಿದಿತ್ತು, ಹಸು ಕೊಂಬು ತಾಗಿಸಿತೆಂದು ಮನೆಯಲ್ಲಿ ಹೇಳಿದ್ದಳು. ಅದರ ಮೇಲೆ ನಾನು ಪೌಡರು ಹಚ್ಚಿದೆ. ಹಸಿರು ರೇಷ್ಮೆ ಸೀರೆ ಉಟ್ಟು ಅವಳು ನಡುಮನೆಗೆ ಬಂದಾಗ ನಿಜ ಹೇಳುತ್ತೇನೆ, ಎದೆ ತುಂಬಿ ಬಂತು. ಪೂರ್ತಿ ಹಳೆಯ ಅಕ್ಕ ಅಲ್ಲ. ಒಳ್ಳೆಯ ನಿದ್ದೆ ಮಾಡಿ ಎದ್ದ ಅಕ್ಕ. ಕಾವ್ಯ ಒಂದು ಗಳಿಗೆ ತಾಯಿಯನ್ನೇ ನೋಡಿ, "ಅಮ್ಮ, ನೀನ್ ಇವತ್ತು ಚೆನ್ನಾಗಿ ಕಾಣ್ತಿದ್ದೀಯ," ಎಂದಳು. ಅಕ್ಕ "ಸೀರೆ ಹಂಗದೆ," ಎಂದು ಕಾಫಿ ಲೋಟ ಎಣಿಸಲು ಹೋದಳು.

ಗಂಡಿನ ಕಡೆಯವರು ಹನ್ನೊಂದಕ್ಕೆ ಬಂದರು. ಗಂಡಸರು ಹೊರಗೆ ಚಪ್ಪರದಲ್ಲಿ ಕೂತರು, ಹದಿನೈದು ಹೆಂಗಸರು ನಡುಮನೆ ಸೇರಿದರು. ಮುಂದಾಳು ಸಾಗರನ ಅಜ್ಜಿ ಈರಮ್ಮ, ದೊಡ್ಡಮಲ್ಲಪ್ಪನವರ ಹೆಂಡತಿ. ಎಪ್ಪತ್ತೈದು ದಾಟಿದ ಮುತ್ತೈದೆ, ಬಾಯಲ್ಲಿ ಹಲ್ಲಿಲ್ಲ, ದನಿ ಮಾತ್ರ ಊರಾಚೆಗೆ ಕೇಳುತ್ತದೆ. ಅಂಥವಳ ಕೈಯ ಅರಿಶಿನ ಎಂದರೆ ನಮ್ಮ ಕಡೆ ಹೆಂಗಸರು ಸಾಲು ನಿಲ್ಲುತ್ತಾರೆ. ಕಾವ್ಯಳನ್ನು ಮಣೆಯ ಮೇಲೆ ಕೂರಿಸಿದರು. ತಟ್ಟೆಯಲ್ಲಿ ಮಲ್ಲಿಗೆ ದಂಡೆ ಇಟ್ಟಿದ್ದರು. ಮೊದಲು ಮನೆಯ ಮುತ್ತೈದೆಯರಿಗೆ ಅರಿಶಿನ, ಆಮೇಲೆ ಹುಡುಗಿಗೆ ಹೂ, ಅದು ಕ್ರಮ.

ಈರಮ್ಮ ಸೀರೆ ಮೊಣಕಾಲಿಗೆ ಎತ್ತಿ ಚಾಪೆಯ ಮೇಲೆ ಕೂತು, ಬಟ್ಟಲಿನಲ್ಲಿ ಅರಿಶಿನ ಕಲಸುತ್ತ ಕರೆದಳು: "ಹೆಣ್ಣಿನ್ ತಾಯಿ ಎಲ್ಲವ್ವ? ಬಾ ಮೊದ್ಲು."

ಬಟ್ಟಲು ಕಂಡಾಗಲೇ ನನಗೆ ಹೊಳೆದದ್ದು. ಅಕ್ಕ ಹೋಗಿ ಅವಳ ಮುಂದೆ ಕೂತೇಬಿಟ್ಟಳು. ನಾನು ಹೆಂಗಸರನ್ನು ದಾಟಿಕೊಂಡು ಓಡಿದೆ.

"ಅಜ್ಜಿ, ಅಕ್ಕಂಗೆ ಬೇಡ! ಅವಳಿಗೆ ಅರಿಶಿನ ಒಗ್ಗಲ್ಲ, ಅಲರ್ಜಿ!"

ಆ ನಡುಮನೆಯ ಮೂಲೆಯಲ್ಲೇ ಮೂರು ಮೂಟೆ ಅರಿಶಿನ ಇತ್ತು, ಒಳ್ಳೆ ರೇಟಿಗೆಂದು ಭಾವ ಇಟ್ಟುಕೊಂಡದ್ದು. ಹದಿನೈದು ಹೆಂಗಸರೂ ಮೂಟೆಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಈರಮ್ಮನ ಕೈ ಬಟ್ಟಲಿನಲ್ಲೇ ನಿಂತಿತು.

"ಗಂಡ ಹೊರಗ್ ಕೂತವ್ನೆ," ಎಂದಳು ಅವಳು, ಮೆಲ್ಲಗೆ. "ಮುತ್ತೈದೆ ಅರಿಶ್ನ ಬ್ಯಾಡ ಅಂದ್ರೆ ಯಾವ ಮಾತವ್ವ ಇದು?"

ಸಾಗರನ ಸೋದರತ್ತೆ, ಅಂದರೆ ಈರಮ್ಮನ ಮಗಳು, ಮಲ್ಲಿಗೆಯ ತಟ್ಟೆಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ಅದನ್ನು ನಾನು ಕಣ್ಣಾರೆ ಕಂಡೆ. ನನ್ನ ಚುರುಕುತನಕ್ಕೆ ಬೆಂಕಿ ಬೀಳಲಿ ಎನ್ನಿಸಿತು.

ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಈರಮ್ಮನ ಎರಡೂ ಕೈಗಳನ್ನು ಹಿಡಿದು, ಅರಿಶಿನದ ಸಮೇತ ತನ್ನ ಕೆನ್ನೆಗಳ ಮೇಲೆ ಇಟ್ಟುಕೊಂಡಳು. "ಹಚ್ಚಿ ಅಮ್ಮ. ಅವ್ಳಿಗೇನ್ ಗೊತ್ತಾಯ್ತದೆ."

ಈರಮ್ಮನ ಮುಖ ಸಡಿಲವಾಯಿತು. ಅವಳು ಹಚ್ಚಿದಳು, ಅವಳ ರೀತಿಯಲ್ಲೇ, ಮಗುವಿಗೆ ಎಣ್ಣೆ ತಿಕ್ಕುವಂತೆ ಗದ್ದದಿಂದ ಕಿವಿಯವರೆಗೆ. ಅಕ್ಕನ ಕಣ್ಣಲ್ಲಿ ನೀರು ಬಂತು, ಅವಳು ತುಟಿ ಬಿಗಿ ಹಿಡಿದಳು. ಎರಡು ಸಲ, ಮೂರು ಸಲ. ನಾಲ್ಕನೆಯ ಸಲ ಎಡಗೆನ್ನೆಯ ಮೇಲೆ ಮುದುಕಿಯ ಹೆಬ್ಬೆರಳು ನಿಂತಿತು. ಅಲ್ಲೇ ಒತ್ತಿತು, ಸುತ್ತ ತಡವಿತು.

"ಇದೇನವ್ವ ಒಳಗೆ? ಗಂಟಿದ್ದಂಗದೆ."

ಸೋದರತ್ತೆ ಬಗ್ಗಿ ತಾನೂ ಮುಟ್ಟಿ ನೋಡಿದಳು. ಹಿಂದಿನಿಂದ ಯಾರೋ "ಗಡ್ಡೆನಾ?" ಎಂದರು. ಇನ್ನೊಬ್ಬರು ಬಾಯಿಗೆ ಸೆರಗು ಹಿಡಿದರು. ಕಾಯಿಲೆಯಿಲ್ಲದವಳು ಕಾಯಿಲೆಯಿಲ್ಲ ಎಂದು ತೋರಿಸಲು ತುಂಬಿಸಿಕೊಂಡದ್ದೇ ಈಗ ಕಾಯಿಲೆಯಾಗಿ ಅವರ ಕೈಗೆ ಸಿಕ್ಕಿತ್ತು. ನಾನು ಮತ್ತೆ ಬಾಯಿ ತೆರೆದೆ. "ಅದು ಹಲ್ಲು ಕಿತ್ತಿದ್ದಕ್ಕೆ..."

"ನಯನಿ, ಸುಮ್ನಿರು. ಸಾಕು."

ಅಕ್ಕ ದನಿ ಎತ್ತಲಿಲ್ಲ. ಡೈರಿಯಲ್ಲಿ, ಬಸ್ಸಿನಲ್ಲಿ ಸಾವಿರ ಸಲ ಉತ್ತರ ಕೊಟ್ಟ ಅದೇ ದನಿ.

"ಗಂಟಲ್ಲ ಅಮ್ಮ. ಮದ್ದು. ಕೆನ್ನೆ ತುಂಬ್ಕಳಕ್ಕೆ ನಗರದಲ್ಲಿ ಸೂಜಿ ಹಾಕುಸ್ಕಂಡಿವ್ನಿ, ಹೋದ ಮಂಗಳ್ವಾರ. ನಂಗೆ ಸಕ್ರೆ ಅದೆ, ಮಾತ್ರೆ ತಗತೀನಿ. ಬ್ಯಾರೆ ಏನೂ ಇಲ್ಲ. ಸೊರಗಿರೋದ್ಕೆ ಎಲ್ರೂ ಕಾಯ್ಲೆ ಅಂತಾರೆ. ಒಂದ್ ಸಂಬಂಧ ಅದ್ರಲ್ಲೇ ಹೋಯ್ತು. ನನ್ ಮುಖ ನನ್ ಮಗಳ್ಗೆ ಅಡ್ಡ ಬರ್ಬಾರ್ದು ಅಂತ ಹಾಕುಸ್ಕಂಡೆ. ಒಳಗೇ ಇದ್ಬುಡನ ಅಂತಾನೂ ಅನ್ಕಂಡಿದ್ದೆ. ಆಗ್ನಿಲ್ಲ. ಒಬ್ಳೇ ಮಗಳು."

ಹೊರಗೆ ಗಂಡಸರು ಮಳೆಯ ವಿಷಯ ಮಾತಾಡುತ್ತಿದ್ದುದು ಕೇಳುತ್ತಿತ್ತು. ಆಗ ಮಣೆಯ ಮೇಲಿಂದ ಕಾವ್ಯ ಎದ್ದು ನಿಂತಳು. ಶಾಸ್ತ್ರ ಮುಗಿಯುವ ಮೊದಲು ಮಣೆಯಿಂದ ಏಳಬಾರದು.

"ಒಳಗಿರ್ಲಿ ಅಂತ ಅಂದಿದ್ದು ನಾನು," ಎಂದಳು. "ಅಮ್ಮನ ಮುಖ ನೋಡಿದ್ರೆ ನೀವೂ ಬೇಡ ಅಂತೀರಿ ಅಂತ ಭಯ ಆಗಿತ್ತು ಅಜ್ಜಿ. ಚಿಕ್ಕಮ್ಮಂಗೆ ಹೇಳ್ದೆ, ನೀವ್ ಮುಂದೆ ನಿಂತ್ಕೊಳ್ಳಿ, ಅಮ್ಮ ಅಡುಗೆಮನೇಲಿರ್ಲಿ ಅಂತ. ಅಮ್ಮ ಕೇಳಿಸ್ಕೊಂಡವ್ಳೆ. ನಂಗೆ ಈಗ ಗೊತ್ತಾಯ್ತು." ಅಷ್ಟಕ್ಕೆ ಅವಳ ದನಿ ಒಡೆಯಿತು.

ಸೋದರತ್ತೆ ತಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. "ಹೆತ್ತೋಳ್ನೇ ಒಳಗಿರು ಅಂದೋಳು, ನಾಳೆ ನಿನ್ನ ಎಲ್ಲಿಡ್ತಾಳೋ ನೋಡವ್ವ," ಎಂದಳು ತಾಯಿಗೆ.

ಮಾತು ಸರಿಯಾಗಿಯೇ ಇತ್ತು. ಆ ಕಡೆಯವಳಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಈರಮ್ಮ ತನ್ನ ಅಂಗೈಗಳ ಅರಿಶಿನವನ್ನು ಬಟ್ಟಲಿನ ಅಂಚಿಗೆ ಒರೆಸಿಕೊಂಡಳು. ಸಂಬಂಧ ಮುರಿಯಿತು ಎಂದುಕೊಂಡೆ. ಭಾವನಿಗೆ ಹೇಗೆ ಹೇಳುವುದೆಂದು ಆಗಲೇ ಯೋಚಿಸತೊಡಗಿದ್ದೆ.

"ನಮ್ಮವ್ವಂಗೆ ಮೆಳ್ಳೆಗಣ್ಣು," ಎಂದಳು ಈರಮ್ಮ.

ಸೋದರತ್ತೆ ತಾಯಿಯ ಮುಖ ನೋಡಿದಳು. ಈ ಮಾತು ಅವಳಿಗೂ ಹೊಸದೆಂದು ಕಾಣುತ್ತದೆ.

"ನನ್ ಮದ್ವೇಲಿ ಅವ್ವನ್ನ ನಾನೇ ಹಿತ್ಲಲ್ಲಿ ಕೂರ್ಸಿದ್ದೆ. ಗಂಡಿನೋರು ಆಡ್ಕತಾರೆ ಅಂತ. ಧಾರೆ ಆಗೋವರ್ಗೂ ಅಲ್ಲೇ ಕೂತಿದ್ಲು, ಒಂದ್ ಮಾತ್ ಆಡ್ನಿಲ್ಲ. ಸತ್ತು ನಲ್ವತ್ ವರ್ಷ ಆಯ್ತು. ತಪ್ಪಾಯ್ತು ಕಣವ್ವ ಅಂತ ಹೇಳಕ್ಕೆ ನಂಗೆ ಬಾಯಿ ಬರ್ನೇ ಇಲ್ಲ. ಈ ಹೆಣ್ಮಗ ಇಷ್ಟ್ ಜನದ ಮುಂದೆ ಹೇಳ್ತು." ಅವಳು ಮಗಳ ಕಡೆ ತಿರುಗಿ, "ತಟ್ಟೆ ಬುಡು," ಎಂದಳು. ಆಮೇಲೆ ಅರಿಶಿನದ ಬಟ್ಟಲನ್ನು ಕಾವ್ಯಳ ಕಡೆ ಚಾಚಿದಳು. "ಬಾ ಇಲ್ಲಿ. ನಿಮ್ಮವ್ವಂಗೆ ನೀನೇ ಹಚ್ಚು. ನನ್ ಕೈ ಒರಟು, ನೀನ್ ಮೆತ್ಗೆ ಹಚ್ಚು."

ಕಾವ್ಯ ಬಂದು ತಾಯಿಯ ಮುಂದೆ ಕೂತಳು. ಉಂಗುರದ ಬೆರಳಿನ ತುದಿಯಲ್ಲಿ ಒಂದಿಷ್ಟು ತೆಗೆದು, ಮುಟ್ಟಿಯೂ ಮುಟ್ಟದಂತೆ ಎಡಗೆನ್ನೆಗೆ ತಾಗಿಸಿದಳು. ಅಕ್ಕ ಮಗಳನ್ನೇ ನೋಡುತ್ತಿದ್ದಳು.

"ಇದ್ನ ಅರಿಶ್ನ ಹಚ್ಚೋದು ಅಂತಾರೇನಮ್ಮಿ? ಸರ್ಯಾಗ್ ಹಚ್ಚು. ಏನೂ ಆಗಕಿಲ್ಲ."

ಆಮೇಲೆ ಇಬ್ಬರೂ ಅತ್ತರು. ನಾನೂ ಅತ್ತೆ, ಮೂಟೆಗಳ ಪಕ್ಕದಲ್ಲಿ ನಿಂತು. ಹನ್ನೆರಡೂವರೆಗೆ ಈರಮ್ಮ ತನ್ನ ಕೈಯಾರೆ ಕಾವ್ಯಳ ಜಡೆಗೆ ಮಲ್ಲಿಗೆ ಮುಡಿಸಿದಳು. ಗಂಡಸರಿಗೆ ಏನೂ ಗೊತ್ತಾಗಲಿಲ್ಲ. ಊಟಕ್ಕೆ ಯಾಕಿಷ್ಟು ತಡ ಎಂದು ಭಾವ ಮಾತ್ರ ಎರಡು ಸಲ ಬಾಗಿಲಿಗೆ ಬಂದು ಕೇಳಿ ಹೋದರು.

ಕೈ ತೊಳೆಯುವಾಗ ಅಕ್ಕ ನನಗೆ ಹೇಳಿದಳು, ಸೋಮವಾರ ಎಂದು ಫೋನು ಬಂದ ಗಳಿಗೆಯಲ್ಲೇ ಅವಳಿಗೆ ಅರಿಶಿನದ ವಿಷಯ ಹೊಳೆದಿತ್ತಂತೆ. ಮತ್ತೆ ಯಾಕೆ ಹೇಳಲಿಲ್ಲ ಎಂದು ರೇಗಿದೆ. "ಹೇಳಿ ಏನ್ ಮಾಡದು ನಯನಿ. ಬ್ಯಾಡ ಅನ್ನಕ್ಕೂ ಒಂದ್ ಉತ್ರ ಕೊಡ್ಬೇಕಲ್ಲ. ಉತ್ರ ಕೊಟ್ಟು ಕೊಟ್ಟು ಸುಸ್ತಾಗದೆ," ಎಂದಳು.

ಎಡಗೆನ್ನೆಯ ಮದ್ದು ಒಂದಿಷ್ಟು ಮೇಲಕ್ಕೆ ಸರಿದಿತ್ತು. ತಿಂಗಳ ನಂತರ ಡಾಕ್ಟರು ನೋಡಿ, ಬೇಕಾದರೆ ಇನ್ನೊಂದು ಸೂಜಿಯಲ್ಲಿ ಅದನ್ನು ಕರಗಿಸಿ ಸಮ ಮಾಡಬಹುದು ಎಂದರು. "ಬುಡಿ ಡಾಕ್ಟ್ರೇ, ಅದು ಕರಗೋ ಹೊತ್ಗೆ ಕರಗ್ಲಿ," ಎಂದು ಅಕ್ಕ ಎದ್ದುಬಂದಳು. ಹಲ್ಲನ್ನು ಮಾತ್ರ ಕಟ್ಟಿಸಿಕೊಂಡಳು.

ಕಾರ್ತಿಕದಲ್ಲಿ ಗುಂಡ್ಲುಪೇಟೆಯ ಛತ್ರದಲ್ಲಿ ಮದುವೆ ನಡೆಯಿತು. ಜನ ಬಿಡುತ್ತಾರೆಯೇ? ಈಗ ಕೇಳುವ ಮಾತು ಬೇರೆ. ಧಾರೆ ಮುಗಿದು ಹುಡುಗ ಹುಡುಗಿಗೆ ಅಕ್ಷತೆ ಹಾಕುವ ಸಾಲಿನಲ್ಲಿ ನಮ್ಮ ದೂರದ ಅತ್ತೆಯೊಬ್ಬಳು ಅಕ್ಕನನ್ನು ತಡೆದು ಗದ್ದ ಹಿಡಿದು ತಿರುಗಿಸಿದಳು.

"ಇದೇನಮ್ಮಿ, ಒಂದ್ ಕೆನ್ನೆ ಊದ್ಕಂಡದೆ? ಏನಾರ ಕಾಯ್ಲೆನಾ?"

ಅಕ್ಕನ ಕೈಯಲ್ಲಿ ತಾಂಬೂಲದ ತಟ್ಟೆ ಇತ್ತು. ಅವಳು ನಿಂತಳು, ಉಸಿರು ತೆಗೆದುಕೊಂಡಳು, ಏನೂ ಇಲ್ಲ ಕಣತ್ತೆ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಹಸೆಮಣೆಯ ಮೇಲಿಂದ, ಬಾಸಿಂಗ ಕಟ್ಟಿಕೊಂಡಿದ್ದ ಕಾವ್ಯ ಎಲ್ಲರಿಗೂ ಕೇಳುವಂತೆ ಹೇಳಿದಳು, "ನಮ್ಮಮ್ಮ ಚೆನ್ನಾಗವ್ಳೆ ಅಜ್ಜಿ. ನೀವ್ ಹೋಗಿ ಊಟ ಮಾಡಿ."

ಅಕ್ಕ ತೆರೆದ ಬಾಯಿ ಮುಚ್ಚಿದಳು. ಮಗಳ ಕಡೆ ಒಮ್ಮೆ ನೋಡಿದಳು. ಆಮೇಲೆ ತಾಂಬೂಲದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಮುಂದಿನ ಸಾಲಿನಲ್ಲಿ ಖಾಲಿಯಿದ್ದ ಒಂದು ಕುರ್ಚಿ ಎಳೆದುಕೊಂಡು ಕೂತಳು.